ನೂರಿಪ್ಪತ್ತು ಎಕರೆ ಹುಲ್ಲು

ಮಿಡಿಗೇಶಿ
19 ಜನವರಿ 2025

ಶರಣ್ಯಾ,

ಇಲ್ಲಿ ನಾವೆಲ್ಲ ಆರಾಮ. ಕೊಳಾಲದಲ್ಲಿ ನಿಮ್ಮಮ್ಮ ಮಾತ್ರ ನೆಲದ ಮೇಲೆ ನಿಲ್ಲುತ್ತಿಲ್ಲ. ನೀನು ಆ ಹುಡುಗನ ಫೋಟೋ ಕಳಿಸಿದಾಗಿನಿಂದ ಅವಳ ಮೊಬೈಲು ಅವಳ ಕೈಯಲ್ಲಿರುವುದಕ್ಕಿಂತ ಬೀದಿಯವರ ಕೈಯಲ್ಲಿರುವುದೇ ಹೆಚ್ಚು. ಹೋದ ಭಾನುವಾರ ಅವಳೂ ನಿಮ್ಮಪ್ಪನೂ ಇಲ್ಲಿಗೆ ಬಂದಿದ್ದರು. ಬಂದವಳು ಚಪ್ಪಲಿ ಬಿಡುವ ಮೊದಲೇ ಫೋಟೋ ನನ್ನ ಮೂಗಿಗೆ ಹಿಡಿದು, "ನೂರಿಪ್ಪತ್ತು ಎಕರೆನಂತೆ ಕಣಕ್ಕ, ಎಲ್ಲಾ ಒಂದೇ ಕಡೆ ಐತಂತೆ," ಅಂದಳು. ನಿಮ್ಮಪ್ಪ ಪರ್ವತಯ್ಯನೂ ಶರ್ಟು ಹೊಸದು ಹಾಕಿಕೊಂಡು ಬಂದಿದ್ದ.

ನಾನು ಫೋನಿನಲ್ಲಿ ಮಾತಾಡದೆ ಯಾಕೆ ಕಾಗದ ಬರೆಯುತ್ತಿದ್ದೇನೆ ಅಂತ ನಿನಗೆ ಗೊತ್ತು. ನಮ್ಮ ಮನೆಗೆ ಫೋನ್ ಬಂದರೆ ನಿನ್ನ ಮಾವ ಸಂಜೀವಯ್ಯನ ಮಗಳು ರಕ್ಷಾ ಸ್ಪೀಕರ್ ಹಾಕುತ್ತಾಳೆ. ಆಮೇಲೆ ನನ್ನ ಮಾತಿಗೆ ಪಕ್ಕದ ಮನೆ ದಾಕ್ಷಾಯಣಮ್ಮ ಕಾಂಪೌಂಡಿನ ಆಚೆಯಿಂದ ಉತ್ತರ ಕೊಡುತ್ತಾಳೆ. ಹೆಣ್ಣಿನ ವಿಚಾರ ಹಾಗೆ ಆಡುವುದಲ್ಲ.

ಹುಡುಗ ಚೆನ್ನಾಗಿದ್ದಾನೆ. ಬಿಳಿಯ ಅನ್ನುವುದಕ್ಕೆ ನನ್ನ ತಕರಾರೇನೂ ಇಲ್ಲ. ಬಿಸಿಲಿಗೆ ಮೂಗು ಕೆಂಪಾಗಿದೆ, ಪಾಪ, ಒಂದು ಟವೆಲ್ಲಾದರೂ ಹೊದ್ದುಕೊಳ್ಳಬಾರದಿತ್ತಾ. ನನಗೆ ನಂಬಿಕೆ ಬಾರದ್ದು ಅವನ ಹಿಂದೆ ಕಾಣುವ ಆ ನೆಲ. ಒಂದು ಕಲ್ಲಿಲ್ಲ, ಒಂದು ಜಾಲಿ ಗಿಡವಿಲ್ಲ. ದೊಡ್ಡ ದೊಡ್ಡ ಮರ, ಒಂದು ಕೊಳ, ಉಳಿದಿದ್ದೆಲ್ಲ ಹಸಿರು. ಅಲ್ಲಿ ಬೆಳೆಯುವುದು ಬರೀ ಹುಲ್ಲಂತೆ, ಅದನ್ನು ಕುರಿಗೂ ಹಾಕುವುದಿಲ್ಲವಂತೆ. ನಮ್ಮ ಸ್ಕೂಲಿನಲ್ಲಿದ್ದ ಪಿ.ಟಿ. ಮೇಷ್ಟ್ರು ಮೋಹನ್ ಕುಮಾರ್ ಅವರನ್ನು ಈ ಗಾಲ್ಫ್ ಅಂದರೆ ಏನು ಅಂತ ಕೇಳಿದೆ. ಚೆಂಡು ಹೊಡೆದು, ಅದು ಬಿದ್ದಲ್ಲಿಗೆ ನಡೆದುಕೊಂಡು ಹೋಗಿ, ಮತ್ತೆ ಹೊಡೆದು, ಕೊನೆಗೆ ಒಂದು ಗುಣಿಗೆ ಬೀಳಿಸುವುದೇ ಆಟ ಅಂದರು. ಅಷ್ಟಕ್ಕೆ ಇಷ್ಟು ಭೂಮಿ ಬೇಕಾ ಅಂತ ಕೇಳಿದರೆ ನಕ್ಕರು.

ಇರಲಿ. ಪದ್ಧತಿ ಪ್ರಕಾರ ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡಬೇಕು. ನಿಮ್ಮಮ್ಮನಿಗೆ ಮಧುಗಿರಿ ಬಸ್ಸು ಹತ್ತಿದರೇ ವಾಂತಿ, ವಿಮಾನದ ಮಾತು ಬೇಡ. ನಾನು ಬರುತ್ತೇನೆ. ಬುದ್ಧ ವಿಹಾರದವರ ಜೊತೆ ಶ್ರೀಲಂಕಾಕ್ಕೆ ಹೋಗಲು ಮಾಡಿಸಿದ ಪಾಸ್‌ಪೋರ್ಟ್ ಇನ್ನೂ ಚಾಲ್ತಿಯಲ್ಲಿದೆ. ನಮ್ಮ ಮನೆಯ ರೀತಿ ನಿನಗೆ ಗೊತ್ತೇ ಇದೆ. ನೋಡಲು ಹೋದ ಮನೆ ಒಪ್ಪಿಗೆಯಾದರೆ ಅಲ್ಲಿ ಬಾಯಿ ಸಿಹಿ ಮಾಡಿಕೊಳ್ಳುತ್ತೇವೆ. ಇಲ್ಲದಿದ್ದರೆ ನೀರು ಕುಡಿದು ಎದ್ದು ಬರುತ್ತೇವೆ, ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಹೆಡ್‌ಮಿಸ್ ಆಗಿದ್ದವಳು ಅಂತ ಹೇಳುತ್ತಿಲ್ಲ, ಈ ಮನೆಯ ಹೆಣ್ಣುಮಕ್ಕಳಿಗೆಲ್ಲ ನಾನೇ ಹೋಗಿ ನೋಡಿದ್ದು. ನೀರು ಕುಡಿದು ಬಂದದ್ದೂ ಉಂಟು.

ಯಾವಾಗ ಬರಲಿ, ಬರೆ.

ದೊಡ್ಡಮ್ಮ ದಾಸಮ್ಮ


ನಾರ್ಥಾಂಪ್ಟನ್
9 ಫೆಬ್ರವರಿ 2025

ದೊಡ್ಡಮ್ಮ,

ನೀನು ಟಿಕೆಟ್ ಮಾಡುವ ಮೊದಲೇ ಹೇಳಿಬಿಡುತ್ತೇನೆ. ಆ ನೂರಿಪ್ಪತ್ತು ಎಕರೆ ಕರ್ಟಿಸ್‌ನದಲ್ಲ. ಅದು ಗಾಲ್ಫ್ ಕ್ಲಬ್ಬಿನದು. ಅವನು ಅಲ್ಲಿ ಹುಲ್ಲು ಕತ್ತರಿಸುವ ಕೆಲಸಗಾರ. ಬೆಳಕು ಹರಿಯುವ ಮೊದಲೇ ಹೋಗಿ ಯಂತ್ರ ಓಡಿಸುತ್ತಾನೆ, ಮೈದಾನದ ಮರಳಿನ ಹೊಂಡ ಕೆರೆದು ಸಮ ಮಾಡುತ್ತಾನೆ, ಗುಣಿ ತೋಡುತ್ತಾನೆ. ಮೈದಾನ ಎಷ್ಟು ದೊಡ್ಡದು ಅಂತ ಅಮ್ಮ ಕೇಳಿದಳು, ನಾನು ಹೇಳಿದೆ, ಅಷ್ಟೇ. ಅವಳು ಅಷ್ಟನ್ನೂ ಅವನ ಹೆಸರಿಗೆ ಖಾತೆ ಮಾಡಿಸಿಬಿಟ್ಟಳು. ಆಗಲೇ ತಿದ್ದೋಣ ಅಂದರೆ ಅವಳ ಖುಷಿ ಕೇಳಿ ನನಗೆ ಬಾಯಿ ಬರಲಿಲ್ಲ.

ಅಮ್ಮನದು ಹೇಗೋ ಆಗುತ್ತದೆ. ನನಗೆ ಹೆದರಿಕೆ ನಿನ್ನದೇ. ನನ್ನನ್ನು ನರ್ಸಿಂಗ್ ಓದಿಸಿದವಳು ನೀನು. ಇಷ್ಟು ಓದಿಸಿದ್ದು ಹುಲ್ಲು ಕುಯ್ಯುವವನಿಗೆ ಕೊಡೋಕಾ ಅಂತ ನೀನು ಕೇಳಿದರೆ ನಾನು ಹೇಳಬಹುದಾದದ್ದು ಒಂದೇ. ಅವನು ಒಳ್ಳೆಯವನು.

ಬೇಡ. ಇದನ್ನು ಅಂಚೆಗೆ ಹಾಕುವುದು ನನ್ನಿಂದಾಗದು. ನೀನು ಬಂದು ಮೊದಲು ಅವನನ್ನು ನೋಡು, ಉಳಿದದ್ದು ಆಮೇಲೆ. ಇದನ್ನು ಹರಿದು ಬೇರೆ ಬರೆಯುತ್ತೇನೆ.


ನಾರ್ಥಾಂಪ್ಟನ್
9 ಫೆಬ್ರವರಿ 2025

ನನ್ನ ಮುದ್ದು ದೊಡ್ಡಮ್ಮ,

ನಿನ್ನ ಕಾಗದ ಓದಿ ಡ್ಯೂಟಿ ರೂಮಿನಲ್ಲಿ ಒಬ್ಬಳೇ ನಕ್ಕೆ. ನೀನು ಬರುತ್ತೀಯ ಅನ್ನುವುದೇ ನನಗೆ ದೊಡ್ಡ ಹಬ್ಬ. ಜೂನ್ ತಿಂಗಳಲ್ಲಿ ಬಾ. ಆಗ ಇಲ್ಲಿ ಮರಗಳೆಲ್ಲ ಚಿಗುರಿ ತುಂಬಿಕೊಂಡಿರುತ್ತವೆ, ಸ್ವೆಟರ್ ಒಂದಿದ್ದರೆ ಸಾಕು.

ಆ ಜಾಗ ನೋಡಿದರೆ ನಿನಗೆ ಇಷ್ಟವಾಗುತ್ತದೆ. ಒಂದು ಕಾಲದಲ್ಲಿ ಯಾವನೋ ಸಾಹುಕಾರ ತನ್ನ ಬಂಗಲೆಯ ಸುತ್ತ ಬೆಳೆಸಿದ ತೋಪಂತೆ. ಓಕ್ ಮರಗಳು ನಮ್ಮ ಆಲದ ಮರದಷ್ಟೇ ಹಳೆಯವು. ಮೈದಾನದ ಮಧ್ಯೆಯೇ ಒಂದು ಕಾಲುದಾರಿ ಇದೆ, ಹಿಂದಿನಿಂದ ಊರವರು ನಡೆದದ್ದು. ಅಲ್ಲಿ ಯಾರು ನಡೆದರೂ ಯಾರೂ ತಡೆಯುವಂತಿಲ್ಲ, ಕಾನೂನೇ ಹಾಗಿದೆ. ನಾವು ಆ ದಾರಿಯಲ್ಲಿ ನಿಧಾನವಾಗಿ ಸುತ್ತಿ ಬರೋಣ. ಚೆಂಡು ಬರುವಾಗ "ಫೋರ್" ಅಂತ ಕೂಗುತ್ತಾರೆ, ಆಗ ತಲೆ ಬಗ್ಗಿಸಿದರಾಯಿತು.

ಆಡಲು ಬರುವವರಿಗೆ ಬಟ್ಟೆಯ ನಿಯಮ ಬಹಳ. ಕಾಲರ್ ಇಲ್ಲದ ಅಂಗಿ ಬೇಡ, ಜೀನ್ಸ್ ಬೇಡ, ಎತ್ತರದ ಹಿಮ್ಮಡಿ ಬೇಡ. ಸೀರೆಯ ಬಗ್ಗೆ ಏನೂ ಬರೆದಿಲ್ಲ. ನೀನು ನಿನ್ನ ಇಳಕಲ್ ಸೀರೆಯನ್ನೇ ಉಡು.

ಕರ್ಟಿಸ್ ಬೆಳಿಗ್ಗೆ ಬೇಗ ಎದ್ದು ಮೈದಾನಕ್ಕೆ ಹೋಗುತ್ತಾನೆ. ತಾನು ಎದುರಿಗಿಲ್ಲದಿದ್ದರೆ ಅವನಿಗೆ ಸಮಾಧಾನವಿಲ್ಲ. ಜಮೀನಿನ ಪ್ರಶ್ನೆಗಳನ್ನೆಲ್ಲ ನೀನು ಬಂದ ಮೇಲೆ ಅವನನ್ನೇ ಕೇಳು.

ನಿನ್ನ ಶರಣ್ಯಾ


ಮಿಡಿಗೇಶಿ
2 ಮಾರ್ಚ್ 2025

ಶರಣ್ಯಾ,

ವೀಸಾಕ್ಕೆ ಅರ್ಜಿ ಹಾಕಿ ಬಂದೆ. ಬೆಂಗಳೂರಿನಲ್ಲಿ ಬೆರಳಚ್ಚು ಕೊಡುವಾಗ ಕೌಂಟರಿನ ಹುಡುಗಿ, ಪ್ರಯಾಣದ ಉದ್ದೇಶ ಏನು ಮೇಡಂ ಅಂದಳು. ಗಂಡಿನ ಮನೆ ನೋಡುವುದು ಅಂದೆ. ಅವಳು ಪ್ರವಾಸ ಅಂತ ಬರೆದುಕೊಂಡಳು.

ಕಾಲುದಾರಿಯ ವಿಷಯ ಓದಿ ಖುಷಿಯಾಯಿತು. ನಮ್ಮಲ್ಲಿ ಒಂದು ಕಾಲುದಾರಿಗೆ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ. ಆದರೆ ನನಗೆ ಬೇಕಾದದ್ದು ಒಂದು, ನೀನು ಬರೆದದ್ದು ಇನ್ನೊಂದು. ಅಷ್ಟು ದೊಡ್ಡ ಜಮೀನನ್ನು ಅವನೊಬ್ಬನೇ ನೋಡಿಕೊಳ್ಳಲು ಆಗುವುದಿಲ್ಲ. ಆಳುಗಳು ಎಷ್ಟು ಜನ? ಅವರು ಎಲ್ಲಿ ಕೂತು ಊಟ ಮಾಡುತ್ತಾರೆ? ಹುಡುಗ ಅವರನ್ನು ಹೇಗೆ ಮಾತಾಡಿಸುತ್ತಾನೆ, ಹೆಸರು ಹಿಡಿದೋ, ಕೂಗಿಯೋ? ಮರ, ಕೊಳ ಎಲ್ಲ ಆಮೇಲೆ. ಇದನ್ನು ಮೊದಲು ಬರೆ.

ನಿನ್ನ ತಾತನನ್ನು ನೀನು ನೋಡಿದ್ದು ಅವನಿಗೆ ವಯಸ್ಸಾದ ಮೇಲೆ, ಚಾಪೆಯ ಮೇಲೆ ಕೂತು ರೇಡಿಯೋ ಕೇಳುತ್ತಿದ್ದಾಗ. ನಾನೂ ನಿಮ್ಮಮ್ಮನೂ ನೋಡಿದ್ದು ಬೇರೆ. ನಮ್ಮಪ್ಪ ಓಬಳಯ್ಯ ದೊಡ್ಡವರ ಜಮೀನಿನಲ್ಲಿ ಮೂವತ್ತು ವರ್ಷ ದುಡಿದ. ಮಧ್ಯಾಹ್ನ ಅವರ ಹಿತ್ತಿಲ ಬಾಗಿಲಿಗೆ ಹೋಗಿ ನಿಲ್ಲಬೇಕು, ಅಲ್ಲಿಗೆ ಮುದ್ದೆ ಬರುತ್ತಿತ್ತು. ನೀರು ಎತ್ತರದಿಂದ ಕೈಗೆ ಹೊಯ್ಯುತ್ತಿದ್ದರು. ಆ ಮನೆಯ ಮುಂದಿನ ಬಾಗಿಲು ಯಾವ ಬಣ್ಣ ಅಂತ ನಮ್ಮಪ್ಪನಿಗೆ ಕೊನೆಯವರೆಗೂ ಗೊತ್ತಿರಲಿಲ್ಲ.

ನಿಮ್ಮಮ್ಮ ಇದನ್ನೆಲ್ಲ ಮರೆತಿದ್ದಾಳೆ, ಅಥವಾ ನೆನಪಿರುವುದಕ್ಕೇ ನೂರಿಪ್ಪತ್ತು ಎಕರೆ ಅಂತ ಕುಣಿಯುತ್ತಿದ್ದಾಳೆ. ನಾನು ಕುಣಿಯುವವಳಲ್ಲ. ನನಗೆ ಉತ್ತರ ಬೇಕು.

ದೊಡ್ಡಮ್ಮ


ನಾರ್ಥಾಂಪ್ಟನ್
23 ಮಾರ್ಚ್ 2025

ದೊಡ್ಡಮ್ಮ,

ಕೇಳಿದ್ದಕ್ಕೆಲ್ಲ ಉತ್ತರ ಬರೆಯುತ್ತೇನೆ. ಕೆಲಸದವರು ಆರು ಜನ. ಕ್ಲಬ್ಬಿನ ಹಿಂದೆ ತಗಡಿನ ಶೆಡ್ಡು ಒಂದಿದೆ, ಯಂತ್ರಗಳನ್ನು ನಿಲ್ಲಿಸುವುದು ಅಲ್ಲೇ, ಅವರ ಊಟ, ಟೀ ಎಲ್ಲ ಅಲ್ಲೇ. ಮಣ್ಣಿನ ಬೂಟಿನಲ್ಲಿ ಕ್ಲಬ್ಬಿನ ಕಾರ್ಪೆಟ್ ತುಳಿಯುವ ಹಾಗಿಲ್ಲ. ಇದರಲ್ಲಿ ನೀನು ಬೇಜಾರು ಮಾಡಿಕೊಳ್ಳುವಂಥದ್ದು ಏನೂ ಇಲ್ಲ, ಇಲ್ಲಿನ ವ್ಯವಸ್ಥೆಯೇ ಹಾಗೆ. ಎಲ್ಲ ಅಚ್ಚುಕಟ್ಟಾಗಿದೆ.

ನೀನು ಬಂದ ದಿನದ ಕಾರ್ಯಕ್ರಮ ಹೀಗೆ ಅಂದುಕೊಂಡಿದ್ದೇನೆ. ಸೋಮವಾರ ಹೋಗೋಣ, ಆ ದಿನ ಆಡುವವರು ಕಡಿಮೆ. ಮುಂದಿನ ಗೇಟಿನಿಂದ ಬೇಡ. ಹಿಂದೆ ಒಂದು ಚಿಕ್ಕ ಗೇಟಿದೆ, ಕರ್ಟಿಸ್ ಅಲ್ಲಿಂದ ನಮ್ಮನ್ನು ಕರೆದುಕೊಂಡು ಹೋಗುತ್ತಾನೆ. ಕ್ಲಬ್ಬಿನ ಕಟ್ಟಡದ ಒಳಗೆ ಹೋಗುವುದು ಬೇಡ, ಅಲ್ಲಿ ನೋಡುವಂಥದ್ದು ಏನೂ ಇಲ್ಲ. ದಾರಿಯಲ್ಲಿ ಯಾರಾದರೂ ಸಿಕ್ಕಿ ಮಾತಾಡಿಸಿದರೆ ನೀನು ಸುಮ್ಮನೆ ನಕ್ಕುಬಿಡು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ. ಮೈದಾನ ಸುತ್ತಿ, ಊಟಕ್ಕೆ ನನ್ನ ಮನೆಗೆ ಬಂದುಬಿಡೋಣ.

ತಾತನ ವಿಷಯ ಓದಿ ಕಣ್ಣು ತುಂಬಿತು. ಅಂಥ ದಿನ ಕಳೆದು ಇಲ್ಲಿಯವರೆಗೆ ಬಂದಿದ್ದೇವೆ, ಈಗ ನಿನ್ನ ಮಗಳಿಗೆ ಒಳ್ಳೆಯದೇ ಸಿಕ್ಕಿದೆ ಅಂತ ತಿಳಿದುಕೋ.

ಶರಣ್ಯಾ


ಮಿಡಿಗೇಶಿ
11 ಏಪ್ರಿಲ್ 2025

ಶರಣ್ಯಾ,

ವೀಸಾ ಬಂತು. ನಾನು ಬರುವುದಿಲ್ಲ.

ನಿನ್ನ ಕಾಗದವನ್ನು ಎರಡು ಸಲ ಓದಿದೆ, ತಪ್ಪಾಗಿ ಓದಿದೆನೇನೋ ಅಂತ. ಹಿಂದಿನ ಗೇಟು, ಯಾರೂ ಇಲ್ಲದ ದಿನ, ಕಟ್ಟಡದ ಒಳಗೆ ಬೇಡ, ಯಾರಾದರೂ ಮಾತಾಡಿಸಿದರೆ ಸುಮ್ಮನೆ ನಗು. ಮೂವತ್ತೈದು ವರ್ಷ ಮಕ್ಕಳಿಗೆ ಬಾಯಿಬಿಟ್ಟು ಮಾತಾಡಿ ಅಂತ ಕಲಿಸಿದವಳು ನಾನು. ಇಂಗ್ಲಿಷಿನಲ್ಲೂ ಮಾತಾಡಬಲ್ಲೆ. ಸಾಹುಕಾರನ ಮನೆಗೆ ನಾನು ಬರುವುದು ಅವನಿಗೆ ನಾಚಿಕೆಯೋ, ನಿನಗೆ ನಾಚಿಕೆಯೋ ಗೊತ್ತಾಗಲಿಲ್ಲ. ಯಾರಿಗಾದರೂ ಒಂದೇ.

ಮೊದಲ ದಿನದಿಂದ ನನ್ನ ಮನಸ್ಸು ಒಪ್ಪಿರಲಿಲ್ಲ. ನೀನು ಖುಷಿಯಾಗಿದ್ದೀಯ ಅಂತ ಬಾಯಿ ಕಟ್ಟಿಕೊಂಡಿದ್ದೆ. ನೂರಿಪ್ಪತ್ತು ಎಕರೆ ಇಟ್ಟುಕೊಂಡು ಆಳುಗಳಿಗೆ ತಗಡಿನ ಕೆಳಗೆ ಊಟ ಹಾಕುವ ಮನೆ ನನಗೆ ಹೊಸದಲ್ಲ. ನಾನು ಅದನ್ನು ಚಿಕ್ಕ ಹುಡುಗಿಯಾಗಿದ್ದಾಗಲೇ ನೋಡಿದ್ದೇನೆ, ಟಿಕೆಟ್ಟು ತೆಗೆದುಕೊಂಡು ಹೋಗಿ ನೋಡಬೇಕಾಗಿಲ್ಲ. ನೀನು ಮದುವೆ ಆಗುವುದಾದರೆ ಆಗು, ನಾನು ತಡೆಯುವವಳಲ್ಲ. ಆದರೆ ನನ್ನನ್ನು ಒಪ್ಪಿಗೆ ಕೇಳಬೇಡ. ಆ ಮನೆಯಲ್ಲಿ ನಾನು ನೀರನ್ನೂ ಕುಡಿಯಲಾರೆ.

ನಿಮ್ಮಮ್ಮನಿಗೆ ಇನ್ನೂ ಹೇಳಿಲ್ಲ. ಪಾಪ, ಅವಳು ಮದುವೆಗೆ ಅಂತ ಜಾಕೆಟ್ಟಿಗೆ ಬಟ್ಟೆ ತಂದಿದ್ದಾಳೆ.

ದಾಸಮ್ಮ


ನಾರ್ಥಾಂಪ್ಟನ್
24 ಏಪ್ರಿಲ್ 2025

ದೊಡ್ಡಮ್ಮ,

ನಿನ್ನ ಹೆಸರಿನ ಹಿಂದೆ ದೊಡ್ಡಮ್ಮ ಇಲ್ಲದ ಕಾಗದ ಇದೇ ಮೊದಲು.

ಅವನು ಸಾಹುಕಾರ ಅಲ್ಲ. ಆ ಆರು ಜನದಲ್ಲಿ ಒಬ್ಬ. ಹುಲ್ಲು ಕತ್ತರಿಸುವುದು ಅವನ ಕೆಲಸ, ತಗಡಿನ ಶೆಡ್ಡಿನಲ್ಲಿ ಊಟ ಮಾಡುವವನು ಅವನೇ. ಆ ಹಿಂದಿನ ಗೇಟು ಅವನು ದಿನಾ ಹೋಗಿಬರುವ ದಾರಿ. ನಿನ್ನನ್ನು ಬಚ್ಚಿಡಲು ಅಲ್ಲ, ಅವನ ಕೆಲಸ ನಿನಗೆ ಕಾಣದಿರಲಿ ಅಂತ ನಾನು ಏನೇನೋ ದಾರಿ ಹುಡುಕಿದೆ. ಹುಲ್ಲು ಕುಯ್ಯುವವನು ಅಂದರೆ ನೀನು ಒಪ್ಪುವುದಿಲ್ಲ ಅಂದುಕೊಂಡೆ. ನಿನ್ನನ್ನು ನಾನು ಅಷ್ಟೂ ತಿಳಿದುಕೊಂಡಿರಲಿಲ್ಲ ನೋಡು.

ನಿನ್ನ ಕಾಗದ ಬಂದ ದಿನ ಅವನು ಮನೆಗೆ ಬಂದಿದ್ದ. ಅಳುತ್ತಾ ಇಡೀ ಕಾಗದ ಇಂಗ್ಲಿಷಿನಲ್ಲಿ ಓದಿ ಹೇಳಿದೆ. ತಾತನಿಗೆ ನೀರು ಹೊಯ್ಯುತ್ತಿದ್ದುದನ್ನು ನೀನು ಬರೆದಿದ್ದ ಹಿಂದಿನ ಕಾಗದವನ್ನೂ ಓದಿದೆ. ಅವನು, "ಅವರು ಜಗಳ ಆಡುತ್ತಿರುವುದು ನನ್ನ ಪರವಾಗಿಯೇ ಅಲ್ಲವಾ," ಅಂದ. ಆಮೇಲೆ, ನನ್ನ ಊಟ ಎಲ್ಲಿ ಅಂತ ಈ ತನಕ ಯಾರೂ ಕೇಳಿರಲಿಲ್ಲ ಅಂತ ನಕ್ಕ. ನಾನು ಅವನ ಕೆಲಸ ಮುಚ್ಚಿಟ್ಟಿದ್ದಕ್ಕೆ ಅವನಿಗೆ ನೋವಾಗಿದೆ. ಟೀ ಅರ್ಧಕ್ಕೆ ಬಿಟ್ಟು ಹೋದ.

ದೊಡ್ಡಮ್ಮ, ಬಾ. ನಿನಗೆ ಯಾವ ಬಾಗಿಲು ಬೇಕೋ ಅದರಿಂದಲೇ ಬಾ.

ಶರಣ್ಯಾ


ಮಿಡಿಗೇಶಿ
9 ಮೇ 2025

ಲೇ ದಡ್ಡಿ,

ಮೊದಲೇ ಹೇಳಬಾರದಿತ್ತಾ. ನಾಲ್ಕು ತಿಂಗಳು ನನ್ನ ಹೊಟ್ಟೆ ಉರಿಸಿದೆಯಲ್ಲ. ನಿನ್ನ ಕಾಗದ ಓದಿ ಮುಗಿಸಿ ನಾನು ಜೋರಾಗಿ ನಕ್ಕಿದ್ದಕ್ಕೆ ರಕ್ಷಾ ಓಡಿಬಂದು, ಏನಾಯ್ತು ಅತ್ತೆ, ಬಿ.ಪಿ. ಮಾತ್ರೆ ಕೊಡಲಾ ಅಂದಳು.

ಟಿಕೆಟ್ಟು ಆಗಿದೆ. ಜೂನ್ ಎರಡನೇ ವಾರ ಬರುತ್ತೇನೆ. ಕಾರ್ಯಕ್ರಮ ಈ ಸಲ ನಾನು ಹಾಕುತ್ತೇನೆ, ನೀನು ಬಾಯಿ ಹಾಕಬೇಡ. ಹಿಂದಿನ ಗೇಟಿನಿಂದಲೇ ಹೋಗುವುದು. ಕೂರುವುದು ಆ ಶೆಡ್ಡಿನಲ್ಲೇ. ಹುಲ್ಲು ಕತ್ತರಿಸುವ ಯಂತ್ರ ನೋಡಬೇಕು, ಅವನು ಅದನ್ನು ಓಡಿಸುವುದನ್ನೂ ನೋಡಬೇಕು. ಉಳಿದ ಐವರೂ ಅವತ್ತು ಅಲ್ಲಿರಲಿ. ಅವರಿಗೂ ಸೇರಿಸಿ ನಿಪ್ಪಟ್ಟು ಮಾಡಿಸಿ ತರುತ್ತೇನೆ. ಕಡ್ಲೆಕಾಯಿ ಚಟ್ನಿಪುಡಿ ಖಾರ, ಅದನ್ನು ಅವರಿಗೆ ನೋಡಿ ಕೊಡು.

ನಿಮ್ಮಮ್ಮನಿಗೆ ಹೇಳಲು ನಾನೇ ಕೊಳಾಲಕ್ಕೆ ಹೋಗಿದ್ದೆ. ಅವಳು ಅಡುಗೆಮನೆಯಿಂದ ಎದ್ದು ಬಂದು, "ಅಂಗಾರೆ ನೂರಿಪ್ಪತ್ತು ಎಕರೆ ಹೋಯ್ತಾ ಅಕ್ಕ," ಅಂತ ಗೋಡೆಗೆ ಒರಗಿಕೊಂಡಳು.

"ಎಲ್ಲಿಗೆ ಹೋಯ್ತದೆ, ಅಲ್ಲೇ ಐತೆ ಕಣೆ," ಅಂದೆ.

ಅವಳಿಗೆ ನಗು ಬರಲಿಲ್ಲ. ಬೀದಿಯವರಿಗೆ ಹೆಂಗೆ ಮುಖ ತೋರಿಸಲಿ ಅಂದಳು. ನಮ್ಮಪ್ಪನ ಮಕ್ಕಳು ಅಂತ ಇಷ್ಟು ದಿನ ತೋರಿಸಿಲ್ಲವಾ, ಹಾಗೇ ತೋರಿಸು ಅಂದು ಬಂದೆ. ಅವಳು ಇನ್ನೂ ನನ್ನ ಹತ್ತಿರ ಮಾತಾಡುತ್ತಿಲ್ಲ. ಜಾಕೆಟ್ ಬಟ್ಟೆ ಮಾತ್ರ ವಾಪಸ್ ಕೊಟ್ಟಿಲ್ಲ, ಅದೊಂದು ಧೈರ್ಯ.

ಆದರೆ ಒಂದು ತಿಳಿದುಕೋ. ಕೆಲಸದವನು ಅಂದ ಮಾತ್ರಕ್ಕೆ ನಾನು ಒಪ್ಪಿದ್ದೇನೆ ಅಂತಲ್ಲ. ಬಂದು ನೋಡಿ ಆಮೇಲೆ ಹೇಳುತ್ತೇನೆ. ಅರ್ಧ ಟೀ ಬಿಟ್ಟು ಹೋದನಲ್ಲ, ಅವನ ಹತ್ತಿರ ಮೊದಲು ನೀನು ಸರಿಮಾಡಿಕೋ.

ದೊಡ್ಡಮ್ಮ


ನಾರ್ಥಾಂಪ್ಟನ್
22 ಜೂನ್ 2025

ದೊಡ್ಡಮ್ಮ,

ನೀನು ಊರು ಸೇರಿದೆ ಅಂತ ರಕ್ಷಾ ಮೆಸೇಜ್ ಮಾಡಿದಳು. ನೀನೇ ಏನೂ ಹೇಳಲಿಲ್ಲ. ಏರ್‌ಪೋರ್ಟಿನಲ್ಲಿ ಕೇಳಿದರೆ, ಊರಿಗೆ ಹೋಗಿ ಬರೀತೀನಿ ಅಂದೆ. ನನಗೆ ಇಲ್ಲಿ ನಿದ್ದೆ ಇಲ್ಲ.

ಆ ಸೋಮವಾರವನ್ನು ಮತ್ತೆ ಮತ್ತೆ ನೆನಪು ಮಾಡಿಕೊಳ್ಳುತ್ತಿದ್ದೇನೆ. ಕರ್ಟಿಸ್ ಯಂತ್ರ ಓಡಿಸಿ ತೋರಿಸಿದ, ನೀನು ಗೆರೆ ನೆಟ್ಟಗೆ ಬಂದಿದೆಯಾ ಅಂತ ಬಗ್ಗಿ ನೋಡಿದೆ. ಗುಣಿಯಲ್ಲಿ ಬಾವುಟ ನೆಟ್ಟಿದ್ದ ಆ ನುಣುಪು ಹುಲ್ಲಿನ ಹತ್ತಿರ ಹೋದಾಗ ನಿನ್ನಷ್ಟಕ್ಕೆ ನೀನೇ ಚಪ್ಪಲಿ ಬಿಟ್ಟೆ. ಯಾಕೆ ಅಂತ ಅವನು ಕೇಳಿದ. ಇಷ್ಟು ನುಣ್ಣಗೆ ಮಾಡಿದ್ದು ನಮ್ಮಲ್ಲಿ ರಾಗಿ ಬಡಿಯುವ ಕಣ, ಸಗಣಿ ಹಾಕಿ ಸಾರಿಸಿದ ಕಣವನ್ನು ನಾವು ಚಪ್ಪಲಿ ಕಾಲಲ್ಲಿ ತುಳಿಯುವುದಿಲ್ಲ ಅಂತ ನೀನು ಹೇಳಿದ್ದನ್ನು ನಾನು ಅನುವಾದ ಮಾಡುವಷ್ಟರಲ್ಲೇ ಅವನು ಕೂತು ಬೂಟಿನ ದಾರ ಬಿಚ್ಚುತ್ತಿದ್ದ. ಏಳು ವರ್ಷದಿಂದ ದಿನಾ ಕತ್ತರಿಸುವ ಹುಲ್ಲಿನ ಮೇಲೆ ಬರಿಗಾಲು ಇಟ್ಟದ್ದು ಅವತ್ತೇ ಮೊದಲಂತೆ. ಈಗ ದಿನಾ ಒಮ್ಮೆ ನಿಲ್ಲುತ್ತಾನಂತೆ.

ಆಮೇಲೆ ಆ ಕ್ಲಬ್ಬಿನ ಕಾರ್ಯದರ್ಶಿ ಬಂದದ್ದು. ಇಂಡಿಯಾದಿಂದ ಬಂದ ಅತಿಥಿ ಅಂತ ಅವರು ಮರ್ಯಾದೆಯಿಂದಲೇ ಕ್ಲಬ್ಬಿನ ಮುಂದಿನ ಬಾಗಿಲು ತೆರೆದು ಒಳಗೆ ಬನ್ನಿ ಅಂದರು. ನೀನು ಇಂಗ್ಲಿಷಿನಲ್ಲಿ, ಇವರೂ ಬರಬಹುದಾ ಅಂತ ಆರು ಜನರನ್ನು ತೋರಿಸಿದೆ. ಅವರು ಬೂಟುಗಳನ್ನು ನೋಡಿ ಸ್ವಲ್ಪ ತಡವರಿಸಿದರು. ಹಾಗಾದರೆ ನಾವು ಶೆಡ್ಡಿನಲ್ಲೇ ಕೂರುತ್ತೇವೆ, ನೀವೂ ಬನ್ನಿ ಅಂತ ಕರೆದು ನೀನು ಹೊರಟೇಬಿಟ್ಟೆ. ಅವರು ನಿಜಕ್ಕೂ ಹಿಂದೆಯೇ ಬಂದು ನಿಪ್ಪಟ್ಟು ತಿಂದರಲ್ಲ, ಆ ಬಗ್ಗೆ ಇಲ್ಲಿ ಇನ್ನೂ ಮಾತು ನಿಂತಿಲ್ಲ.

ಇಷ್ಟೆಲ್ಲ ಆಗಿ, ಕರ್ಟಿಸ್‌ನ ಅಮ್ಮ ಮಾಡಿ ಕಳಿಸಿದ್ದ ಶುಂಠಿ ಬಿಸ್ಕತ್ತಿನ ಡಬ್ಬ ಅವನು ನಿನ್ನ ಮುಂದೆ ಹಿಡಿದ. ಸಿಹಿಯ ವಿಷಯ ಅವನಿಗೆ ನಾನು ಹೇಳಿದ್ದೆ. ನೀನು ಒಂದು ಬಿಸ್ಕತ್ತು ತೆಗೆದುಕೊಂಡೆ. ಬಾಯಿಗೆ ಹಾಕಲಿಲ್ಲ. ಕರ್ಚೀಫಿನಲ್ಲಿ ಕಟ್ಟಿ ಬ್ಯಾಗಿನಲ್ಲಿ ಇಟ್ಟುಕೊಂಡೆ. ನೀರನ್ನೂ ಕುಡಿಯಲಿಲ್ಲ.

ದೊಡ್ಡಮ್ಮ, ಇದು ಯಾವ ಪದ್ಧತಿ? ಶುಗರ್ ಅಂತ ತಿನ್ನಲಿಲ್ಲವಾ, ಮನಸ್ಸಿಗೆ ಬರಲಿಲ್ಲವಾ? ಅವನು ದಿನಾ ಕೇಳುತ್ತಾನೆ. ನನಗೆ ಗೊತ್ತಿಲ್ಲ ಅಂತ ದಿನಾ ಹೇಳುತ್ತೇನೆ.

ಶರಣ್ಯಾ


ಮಿಡಿಗೇಶಿ
6 ಜುಲೈ 2025

ಶರಣ್ಯಾ,

ಬಂದವಳಿಗೆ ಜ್ವರ ಬಂದು ಮಲಗಿದ್ದೆ, ಅದಕ್ಕೆ ತಡವಾಯಿತು. ಎದ್ದ ದಿನವೇ ಸಂಜೀವಯ್ಯನನ್ನೂ ರಕ್ಷಾಳನ್ನೂ ಹೊರಡಿಸಿಕೊಂಡು ಕೊಳಾಲಕ್ಕೆ ಹೋದೆ. ಬ್ಯಾಗಿನಲ್ಲಿ ಆ ಬಿಸ್ಕತ್ತು ಹಾಗೇ ಇತ್ತು.

ಆವತ್ತು ಶೆಡ್ಡಿನಲ್ಲಿ ನಾನೊಬ್ಬಳೇ ತಿಂದಿದ್ದರೆ ಅದು ನನ್ನೊಬ್ಬಳ ಒಪ್ಪಿಗೆ ಆಗುತ್ತಿತ್ತು. ಅದು ನಿನಗೆ ಸಾಲದು ಅಂತ ನನಗೆ ಗೊತ್ತಿತ್ತು. ಬೇರೆ ಮನೆಗಳನ್ನು ನೋಡಲು ಹೋದಾಗ ನಿಮ್ಮಮ್ಮನೂ ಸಂಜೀವಯ್ಯನೂ ಜೊತೆಯಲ್ಲಿ ಇರುತ್ತಿದ್ದರು, ಎಲ್ಲರೂ ಒಟ್ಟಿಗೆ ಬಾಯಿ ಸಿಹಿ ಮಾಡಿಕೊಳ್ಳುತ್ತಿದ್ದೆವು. ಈ ಸಲ ಅವರಿಗೆ ಅಲ್ಲಿಗೆ ಬರಲಾಗಲಿಲ್ಲ. ಅದಕ್ಕೇ ಆ ಮನೆಯ ಸಿಹಿಯನ್ನು ನಾನು ಇವರ ಹತ್ತಿರ ತಂದೆ. ಅದನ್ನು ನಿನಗೆ ಆಗಲೇ ಹೇಳಿ, ಇಲ್ಲಿ ನಿಮ್ಮಮ್ಮ ಮುಖ ತಿರುಗಿಸಿಬಿಟ್ಟರೆ ನೀನು ಅಲ್ಲಿ ಏನು ಮಾಡುತ್ತಿದ್ದೆ? ನನಗೂ ಧೈರ್ಯ ಬರಲಿಲ್ಲ ಕಣೆ.

ನಡುಮನೆಯಲ್ಲಿ ಎಲ್ಲರೂ ಕೂತೆವು. ಬಿಸ್ಕತ್ತು ಕಲ್ಲಾಗಿತ್ತು, ಕೈಯಲ್ಲಿ ಮುರಿಯಲಿಲ್ಲ. ನಿಮ್ಮಪ್ಪ ಅಡಕೊತ್ತು ತಂದ, ಅದರಲ್ಲಿ ಕತ್ತರಿಸಿ ಚೂರು ಮಾಡಿ ತಟ್ಟೆಯಲ್ಲಿ ಇಟ್ಟೆವು. ಸಂಜೀವಯ್ಯ ತಿಂದ. ನಿಮ್ಮಪ್ಪ ತಿಂದು ಇನ್ನೊಂದು ಚೂರಿಗೆ ಕೈ ಹಾಕಿದ. ನಿಮ್ಮಮ್ಮ ಮಾತ್ರ ತನ್ನ ಪಾಲಿನದನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತೇ ಇದ್ದಳು. ನಾನು ಅಲ್ಲಿ ಕಂಡದ್ದನ್ನೆಲ್ಲ ಹೇಳಿದೆ, ಯಂತ್ರ, ಗೆರೆ, ಕಾರ್ಯದರ್ಶಿ, ನಿಪ್ಪಟ್ಟು. ಅವಳು ತಲೆ ಎತ್ತಲಿಲ್ಲ. ಕಣದ ವಿಷಯ ಹೇಳಿದಾಗ ಎತ್ತಿದಳು.

"ಚಪ್ಪಲಿ ಬುಟ್ಟೆ ಅಂದ್ಯಲ್ಲ, ಅವ್ನೂ ಬುಟ್ನಾ?"

"ಬೂಟು ಬಿಚ್ಚಿಟ್ಟು ಬಂದು ನನ್ನ ಪಕ್ಕ ನಿಂತ್ಕಂಡ ಕಣೆ."

"ಯಾರೂ ಹೇಳ್ದೆ?"

"ಯಾರೂ ಹೇಳಲಿಲ್ಲ."

ಅವಳು ಆ ಚೂರನ್ನು ಬಾಯಿಗೆ ಹಾಕಿಕೊಂಡಳು. ಸ್ವಲ್ಪ ಹೊತ್ತು ಅಗಿದು, ಶುಂಠಿ ಜಾಸ್ತಿ ಆಗಿದೆ ಅಂದಳು. ಅಷ್ಟರಲ್ಲಿ ಕಣ್ಣೀರು ಬಂದಿತ್ತು, ಅದನ್ನೂ ಶುಂಠಿಯ ಮೇಲೆ ಹಾಕಿದಳು. ಕೊನೆಯ ಚೂರು ನನ್ನದು. ಶುಗರ್ ಮಾತ್ರೆ ನುಂಗಿ ತಿಂದೆ. ಚೆನ್ನಾಗಿತ್ತು ಅಂತ ಅವನ ಅಮ್ಮನಿಗೆ ಹೇಳು.

ಜಾಕೆಟ್ಟು ಹೊಲಿಯಲು ಕೊಟ್ಟಾಯಿತು. ಬೀದಿಯವರು ಜಮೀನಿನ ವಿಷಯ ಕೇಳಿದರೆ ನಿಮ್ಮಮ್ಮ ಈಗ, "ನೂರಿಪ್ಪತ್ತು ಎಕರೆ ಹುಲ್ಲನ್ನ ಕಣ ಮಾಡ್ದಂಗೆ ಮಾಡ್ತಾನೆ ನಮ್ಮ ಅಳಿಯ," ಅನ್ನುತ್ತಾಳೆ. ಮೊದಲಿಗಿಂತ ಜೋರಾಗಿಯೇ ಹೇಳುತ್ತಾಳೆ.

ಇನ್ನು ಅವರು ಬಂದು ನಮ್ಮ ಮನೆ ನೋಡಬೇಕು. ಅವನನ್ನೂ ಅವನ ಅಮ್ಮನನ್ನೂ ಕರೆದುಕೊಂಡು ಬಾ. ಆ ಐವರು ಬರುತ್ತೇವೆ ಅಂದರೆ ಅವರನ್ನೂ ಕರೆದುಕೊಂಡು ಬಾ, ಚಾಪೆ ಇದೆ. ಯಾವ ಬಾಗಿಲಿಂದ ಬರಬೇಕು ಅಂತ ಅವನು ಕೇಳಿದರೆ ಹೇಳು, ನಮ್ಮ ಮನೆಗೆ ಇರುವುದು ಒಂದೇ ಬಾಗಿಲು.

ನಿನ್ನ ದೊಡ್ಡಮ್ಮ